ಮುಖ ಕಾಣಬೇಕು, ಹಲ್ಲು ತಾಗಬಾರದು

ನಮ್ಮ ಮನೆಯಲ್ಲಿ ಹಿಸೆ ಆಗಿಲ್ಲ, ಪಾಲು ಬಿದ್ದಿಲ್ಲ. ಇದನ್ನು ನಾನು ಕಾರವಾರದಲ್ಲಿ ಹೇಳದ ಜಾಗವಿಲ್ಲ. ನಾನು ಕೆಲಸ ಮಾಡುವ ಸಹಕಾರಿ ಸಂಘದಲ್ಲಿ ಸಾಲ ಕೇಳಲು ಬಂದವರಿಗೆ ಹೇಳಿದ್ದೇನೆ. ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಹೇಳಿದ್ದೇನೆ. ಕಾಳಿ ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಾಗ ಪಕ್ಕದ ಸೀಟಿನ ಗೋವಾದವನಿಗೆ, ಅವನಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ ಹೇಳಿದ್ದೇನೆ. ನಾನು ಹೇರಂಬ ಹೆಗಡೆ, ಕದ್ರಾದ ವಿದ್ಯುದಾಗಾರದಲ್ಲಿ ಕೆಲಸ ಮಾಡುವ ನನ್ನ ತಮ್ಮ ಅನಂತಪದ್ಮನಾಭ, ನನ್ನ ಹೆಂಡತಿ ವಸುಮತಿ, ಅವನ ಹೆಂಡತಿ ನಾಗಶ್ರೀ, ನನ್ನ ಮಗಳು ಶ್ರೀರಕ್ಷಾ, ಎಲ್ಲರೂ ಅಪ್ಪ ಕಟ್ಟಿಸಿದ ಕೋಡಿಬಾಗದ ಹಂಚಿನ ಮನೆಯಲ್ಲಿ ಒಂದೇ ಒಲೆಯ ಅನ್ನ ಉಣ್ಣುವವರು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದರು. ಅದು ಪಾತ್ರೆಯ ಗುಣ ಎಂದು ನಾನು ತಿಳಿದಿದ್ದೆ.

ಈ ವರ್ಷವೂ ಕಾರವಾರದ ಸಾಂಸ್ಕೃತಿಕ ಸಂಘದವರು ‘ಆದರ್ಶ ಅವಿಭಕ್ತ ಕುಟುಂಬ’ ಎಂದು ಒಂದು ಮನೆಯವರಿಗೆ ಶಾಲು ಹೊದೆಸುವುದೆಂದು ತೀರ್ಮಾನಿಸಿದರು. ಯೋಗ್ಯರ ಹೆಸರು ಸೂಚಿಸಿ ಎಂದು ಸಭೆಯಲ್ಲಿ ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರಿಂದ ನಾನೇ ಎದ್ದು ನನ್ನ ಹೆಸರು ಸೂಚಿಸಿ, ನಾನೇ ಅನುಮೋದಿಸಿ ಕೂತೆ. ಬೇರೆಯವರು ಹೇಳಲಿ ಎಂದು ಕಾದರೆ ಶಾಲು ಹಳತಾಗುತ್ತದೆ. ಮರುದಿನವೇ ಒಂದು ರೇಷ್ಮೆ ಜುಬ್ಬಾ ಹೊಲಿಯಲು ಹಾಕಿದೆ.

ಸಂಘದ ಕಾರ್ಯದರ್ಶಿ ರವಿಕಿರಣರದು ಒಂದೇ ಷರತ್ತು. “ಭಾನುವಾರ ಮನೆಗೆ ಬಂದು ಒಲೆ ನೋಡ್ತೇವೆ ಹೆಗಡೇರೆ. ಬೇಜಾರು ಮಾಡ್ಕೊಳ್ಬೇಡಿ. ಹೋದ ವರ್ಷ ಶಾಲು ಕೊಟ್ಟ ಮನೇಲಿ ಆಮೇಲೆ ನೋಡಿದ್ರೆ ಮಂಚದಡಿ ಇನ್ನೊಂದು ಸಿಲಿಂಡರ್ ಇತ್ತು.”

“ನಮ್ಮ ಮನೇಲಿ ಮಂಚದಡಿ ಧೂಳು ಬಿಟ್ಟು ಬೇರೆ ಎಂತದೂ ಇಲ್ಲ,” ಎಂದೆ.

ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ಗಿನಿಗಳು.

ಶ್ರೀರಕ್ಷಾಳ ಹುಟ್ಟುಹಬ್ಬಕ್ಕೆಂದು ಅನಂತು ಮಡಗಾಂವಿನಿಂದ ಎರಡು ಗಿನಿಪಿಗ್ ತಂದಿದ್ದ. ಮೊಲಕ್ಕಿಂತ ಚಿಕ್ಕ, ಇಲಿಗಿಂತ ಸಭ್ಯ ಪ್ರಾಣಿ. ಬಾಲ ಇಲ್ಲ. ಫ್ರಿಜ್ಜಿನ ಬಾಗಿಲು ತೆಗೆದರೆ ಸೌತೆಕಾಯಿ ಬಂತೆಂದು ವೀಕ್ ವೀಕ್ ಎಂದು ಸೂರು ಹಾರಿಹೋಗುವಂತೆ ಕೂಗುತ್ತವೆ. ಕಂದು ಬಣ್ಣದ್ದಕ್ಕೆ ಮಗಳು ಸುಕ್ರುಂಡೆ ಎಂದೂ, ಮಚ್ಚೆ ಇರುವುದಕ್ಕೆ ಅತ್ರಾಸ ಎಂದೂ ತನಗೆ ಇಷ್ಟದ ಸಿಹಿತಿಂಡಿಗಳ ಹೆಸರಿಟ್ಟಳು. ಒಂದೇ ತಾಯಿಯ ಅಣ್ಣತಮ್ಮ ಎಂದು ಅಂಗಡಿಯವನು ಹೇಳಿದ್ದನಂತೆ. ಅಷ್ಟು ಕೇಳಿದ್ದೇ ನನಗೆ ಅವುಗಳ ಮೇಲೆ ಅಭಿಮಾನ ಹುಟ್ಟಿತು. ಒಂದರ ಮೇಲೊಂದು ಬಿದ್ದು ಮಲಗಿದ್ದನ್ನು ಬಂದವರಿಗೆಲ್ಲ ತೋರಿಸಿ, “ಮನೆಯ ಗುಣ ಪ್ರಾಣಿಗೂ ಬರ್ತದೆ ನೋಡಿ,” ಎನ್ನುತ್ತಿದ್ದೆ.

ಆಮೇಲೆ ಅವು ದೊಡ್ಡವಾದವು. ಸುಕ್ರುಂಡೆ ಸೊಂಟ ಅಲ್ಲಾಡಿಸುತ್ತ ಗುರ್‌ಗುಟ್ಟುತ್ತ ಅತ್ರಾಸನ ಸುತ್ತ ತಿರುಗುವುದು, ಅತ್ರಾಸ ಹಲ್ಲು ಕಟಕಟ ಕಡಿಯುವುದು, ಕೊನೆಗೆ ಎರಡೂ ಉಂಡೆಯಾಗಿ ಉರುಳಿ ಕೂದಲು ಹಾರಿಸುವುದು. ಜಗಳ ಶುರುವಾಗುತ್ತಿದ್ದದ್ದು ತಟ್ಟೆಯ ಹತ್ತಿರ. ಮಗಳು ಗೂಡಿನಲ್ಲಿ ಇನ್ನೊಂದು ತಟ್ಟೆ ಇಟ್ಟಳು, ಅಡಗಿ ಕೂರಲು ಇನ್ನೊಂದು ರಟ್ಟಿನ ಪೆಟ್ಟಿಗೆಯನ್ನೂ ಇಟ್ಟಳು. ನಾನು ಎರಡನ್ನೂ ತೆಗೆದೆ.

“ಈ ಮನೆಯಲ್ಲಿ ಎರಡು ತಟ್ಟೆ ಇಡುವ ಪದ್ಧತಿ ಇಲ್ಲ,” ಎಂದೆ. “ಮದುವೆಯಲ್ಲಿ ಗಂಡುಹೆಣ್ಣನ್ನು ಒಂದೇ ಬಾಳೆಗೆ ಕೂರಿಸೂದು ಎಂತಕ್ಕೆ? ಎಂಜಲು ಸೇರಿದ್ರೆ ಮನಸ್ಸು ಸೇರ್ತು.”

“ಎರಡು ತಟ್ಟೆ ಇಟ್ರೆ ಎಂತ ಆಗ್ತು? ಹೊಟ್ಟೆ ಎರಡು ಇದ್ದಲ,” ಎಂದಳು ವಸುಮತಿ. ಒಳಗೆ ನಾಗಶ್ರೀ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿತು. ಈ ಸಲ ಅದು ವಸುಮತಿಯ ಮಾತಿಗೆ ಹೌದು ಎಂದ ಹಾಗಿತ್ತು.

ನಾನು ಬಾಳೆಲೆ ಹರಿದು ನಡುವೆ ಹಾಸಿ, ಕೊತ್ತಂಬರಿ ಸೊಪ್ಪು, ಸೌತೆಕಾಯಿ ಬಡಿಸಿ, ಎರಡನ್ನೂ ಎದುರುಬದುರು ಕೂರಿಸಿದೆ. ಅವು ಊಟ ಬಿಟ್ಟು ಒಂದನ್ನೊಂದು ತಿನ್ನಲು ಹೋದವು. ಬಿಡಿಸಲು ಕೈಹಾಕಿದ ಅನಂತುವಿನ ಬೆರಳನ್ನು ಸುಕ್ರುಂಡೆ ಕಚ್ಚಿತು. ಅತ್ರಾಸನ ಕಿವಿ ಹರಿದು ರಕ್ತ ಬಂತು, ಮಗಳು ಅತ್ತಳು. ನಾನು ಹಜಾರದಿಂದ ಗೇಟಿಗೆ, ಗೇಟಿನಿಂದ ಹಜಾರಕ್ಕೆ ತಿರುಗಾಡಿದೆ. ಅವಿಭಕ್ತ ಕುಟುಂಬ ನೋಡಲು ಬಂದವರ ಕಣ್ಣಿಗೆ ಹಜಾರದಲ್ಲೇ ದಾಯಾದಿ ಕಲಹ ಬಿದ್ದರೆ ಏನು ಗತಿ?

ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಆಗಷ್ಟೇ ಒಂದು ಎಮ್ಮೆಯ ಹೆರಿಗೆ ಮುಗಿಸಿ ಮೊಣಕೈವರೆಗೆ ಸೋಪು ಹಚ್ಚುತ್ತಿದ್ದರು. ಬುಟ್ಟಿಯೊಳಗೆ ಬಗ್ಗಿ ನೋಡಿ, ಕಿವಿಗೆ ಔಷಧ ಹಚ್ಚಿದರು.

“ಎರಡೂ ಗಂಡು. ಪ್ರಾಯಕ್ಕೆ ಬಂದಾವೆ. ಜಾಗ ಸಾಲೂದಿಲ್ಲ.”

“ಒಂದೇ ತಾಯಿಯ ಮಕ್ಕಳು ಡಾಕ್ಟ್ರೇ.”

“ಅದ್ಕೇ ಹೇಳೂದು,” ಎಂದರು ಡಾಕ್ಟರು. “ತಟ್ಟೆ, ನೀರು, ಗೂಡು ಎಲ್ಲಾ ಎರಡೆರಡು ಇಡಿ. ನಡುವೆ ಒಂದು ಜಾಲರಿ ಹಾಕ್ಸಿ. ಪೂರ್ತಿ ದೂರ ಮಾಡ್ಬೇಡಿ, ಕೊರಗ್ತಾವೆ. ಮುಖ ಕಾಣ್ಬೇಕು, ಹಲ್ಲು ತಾಗ್ಬಾರ್ದು. ಅಷ್ಟೇ.”

ನನಗೆ ಮನಸ್ಸಿರಲಿಲ್ಲ. ಆದರೂ ಭಾನುವಾರ ದೂರ ಇರಲಿಲ್ಲ. ಬಡಗಿ ಜಟ್ಟನಿಗೆ ಬರಹೇಳಿದೆ.

ಜಟ್ಟ ಬಂದಾಗ ನನ್ನ ಕಿವಿಯಲ್ಲಿ ಮೊಬೈಲಿತ್ತು. ಆ ಕಡೆಯಿಂದ ರವಿಕಿರಣರು ಸನ್ಮಾನಪತ್ರಕ್ಕೆ ನನ್ನ ಗುಣಗಳನ್ನು ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಯಾರು ಫೋನ್ ಇಡುತ್ತಾರೆ? ಗೂಡು ಹಜಾರದ ನಟ್ಟನಡುವೆ ಇತ್ತು. ನಾನು ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿ, ಫೋನಿಗೆ ಅಡ್ಡ ಕೈಹಿಡಿದು ಹೇಳಿದೆ, “ಇಲ್ಲಿ ನಡುವೆ ಒಂದು ಜಾಲರಿ ಆಗ್ಬೇಕು ಜಟ್ಟ. ಗಿನಿಗೆ. ಮುಖ ಕಾಣ್ಬೇಕು, ಹಲ್ಲು ತಾಗ್ಬಾರ್ದು.”

ಜಟ್ಟ ಹಜಾರ ನೋಡಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಖ ಸಣ್ಣ ಮಾಡಿ ಕೂತಿದ್ದ ಅನಂತುವನ್ನು ನೋಡಿದ. ಅಡುಗೆಮನೆಯ ಪಾತ್ರೆ ಸದ್ದನ್ನು ಕೇಳಿದ. ಆಮೇಲೆ ನನ್ನನ್ನು ನೋಡಿ ತಲೆ ಆಡಿಸಿದ.

“ತಿಳೀತು ಹೆಗಡೇರೆ. ಅವರ್ಸೆಯಲ್ಲಿ ಒಬ್ರು ಗಾಳಿ ಬರ್ತದೆ ಅಂತ ಹೇಳಿ ಮಾಡ್ಸಿದ್ರು. ಸದಾಶಿವಗಡದಲ್ಲಿ ಒಬ್ರು ಬೆಕ್ಕಿನ ನೆಪ ಹೇಳಿದ್ರು. ನೀವು ಗಿನಿ ಅಂದ್ರಿ. ಯಾರೂ ಬಾಯಿಬಿಟ್ಟು ಹೇಳೂದಿಲ್ಲ, ನಾನೂ ಕೇಳೂದಿಲ್ಲ.”

ಇದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಇನ್ನೊಂದು ಕಿವಿಯಲ್ಲಿ ರವಿಕಿರಣರು “ತ್ಯಾಗಮಯಿ ಅಂತ ಹಾಕ್ಲಾ?” ಎನ್ನುತ್ತಿದ್ದರು. ಜಟ್ಟ ಟೇಪು ಬಿಚ್ಚಿ ಹಜಾರವನ್ನು ಈ ಗೋಡೆಯಿಂದ ಆ ಗೋಡೆಗೆ ಅಳೆದು, ಭಾನುವಾರ ತಂದು ಹಾಕುತ್ತೇನೆ ಎಂದ. ದೊಡ್ಡ ಕೆಲಸಗಾರ, ಚಿಕ್ಕ ಗೂಡಿಗೂ ಎಷ್ಟು ಶ್ರದ್ಧೆ ಎಂದುಕೊಂಡೆ.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಬೇರೆಯಾಗುತ್ತೇವೆ ಎನ್ನುವುದಿಲ್ಲ. ಮೊದಲು ಬಡಗಿ ಬರುತ್ತಾನೆ. ಬೆಕ್ಕೋ ಗಾಳಿಯೋ ಏನೋ ಒಂದು ಕಾರಣ ಹೇಳಿ ಹಲಗೆ ನಿಲ್ಲಿಸುತ್ತಾರೆ, ಆಮೇಲೆ ಆ ಹಲಗೆಯಾಚೆ ಒಂದು ಒಲೆ ಹೊತ್ತುತ್ತದೆ. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ನನ್ನ ಮನೆಯಲ್ಲಿ ನಿಜವಾಗಿಯೂ ಗಿನಿ ಇದ್ದುದರಿಂದ ನನಗೆ ಹೊಳೆಯಲಿಲ್ಲ. ಜಟ್ಟ ನನ್ನನ್ನು ಕೇಳಲಿಲ್ಲ, ಅದು ಖರೆ. ಚಾದ ಅಂಗಡಿಯಲ್ಲಿ ಹೇಳುವುದಿಲ್ಲ ಎಂದು ಮಾತ್ರ ಅವನು ಮಾತು ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಜು ಮನೆಯ ಮನಿಷಾಬಾಯಿ ಕಂಪೌಂಡಿನ ಮೇಲಿಂದ ಕುಡಿಯಲು ಒಂದು ಚೊಂಬು ಮುರುಗಲ ಹುಳಿಯ ಸೋಲ್ಕಡಿ ದಾಟಿಸಿದರು. ಅವರ ಮನೆಮಾತು ಕೊಂಕಣಿ, ಕನಿಕರ ಬಂದಾಗ ಮಾತ್ರ ಕನ್ನಡ.

“ದೇವಾ, ಕೇಳಿ ಬಹಳ ಬೇಜಾರಾಯ್ತು ಹೆಗಡೇರೆ. ಆದ್ರೂ ಚಲೋ ಕೆಲ್ಸ. ನಮ್ಮ ಮನೇಲಿ ಬಡಿದಾಡ್ಕೊಂಡು ಬೇರೆ ಆದದ್ದು. ನಿಮ್ದು ಪ್ರೀತಿಯಿಂದ.”

“ಎಂತದು ಬೇರೆ? ಅದು ಗಿನಿಗೆ ಬಾಯಿ, ಗಿನಿಗೆ.”

“ಹಾಂ ಹಾಂ, ಗಿನಿಗೆ,” ಎಂದು ಮನಿಷಾಬಾಯಿ ಕಣ್ಣೊರೆಸಿಕೊಂಡರು. “ಎಷ್ಟು ದೊಡ್ಡ ಮನಸ್ಸು. ತಮ್ಮನ ಹೆಸರು ಎಲ್ಲೂ ತೆಗೀಲಿಲ್ಲ ನೀವು.”

ಕಚೇರಿಯಲ್ಲಿ ಸಹೋದ್ಯೋಗಿಗಳು ನಾನು ಬಂದೊಡನೆ ಮಾತು ನಿಲ್ಲಿಸಿದರು. ಮ್ಯಾನೇಜರು ಒಳಗೆ ಕರೆದು ಕುರ್ಚಿ ತೋರಿಸಿದರು. ಅವರು ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. “ಗಿನಿಗೆ ಸರ್,” ಎಂದೆ. “ಇರ್ಲಿ ಹೆಗಡೆ, ಸಂಸಾರ ಅಂದ್ಮೇಲೆ ಗಿನಿ ಇರೂದೇ,” ಎಂದರು. ನಾನು ಗಿನಿ ಗಿನಿ ಎಂದಷ್ಟೂ ಜನರಿಗೆ ನನ್ನ ಮೇಲೆ ಗೌರವ ಹೆಚ್ಚಿತು. ಇಷ್ಟು ವರ್ಷ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡಿದರೂ ಸಿಗದ ಮರ್ಯಾದೆ ಮನೆ ಒಡೆಯುತ್ತೇನೆಂದು ತಿಳಿದಾಗ ಸಿಕ್ಕಿತು. ಕೂತರೆ ಕುರ್ಚಿ ಚುಚ್ಚುತ್ತಿತ್ತು, ನಿಂತರೆ ಯಾರಾದರೂ ಬಂದು ಸಮಾಧಾನ ಹೇಳುತ್ತಿದ್ದರು. ಮಧ್ಯಾಹ್ನವೇ ರಜೆ ಹಾಕಿ ಮನೆಗೆ ನಡೆದೆ.

ಮನೆಯಲ್ಲಿ ಹಟ್ಟಿಕೇರಿಯ ಸೋದರತ್ತೆ ಚೀಲ ಇಟ್ಟುಕೊಂಡು ಕೂತಿದ್ದಳು. ಸುದ್ದಿ ಅಂಕೋಲೆಯ ಬಸ್ಸು ಹತ್ತಿ ಹೋಗಿ, ಅವಳನ್ನು ಹತ್ತಿಸಿಕೊಂಡು ವಾಪಸು ಬಂದಿತ್ತು.

“ತಮಾ, ಎರಡು ಜಡೆ ಸೇರ್ತಿಲ್ಲೆ ಹೇಳಿ ಹಿರಿಯರು ಸುಮ್ಮನೆ ಹೇಳಿದ್ದ? ನಂಗೆ ಹಿಸೆಯಲ್ಲಿ ಎಂತದೂ ಬ್ಯಾಡ. ನನ್ನ ಅಬ್ಬೆ ನೀರು ಕಾಸ್ತಿದ್ದ ತಾಮ್ರದ ಹಂಡೆ ಒಂದು ಇದ್ದು. ಅದನ್ನ ನಿಂಗ ಇಬ್ಬರೂ ಕಡಿದು ಹಂಚಿಕೊಳ್ಳೂಕೆ ಬರ್ತಿಲ್ಲೆ. ಅದಕ್ಕೇ ಚೀಲ ತಂದಿದ್ದಿ.”

“ಅತ್ತೆ, ಯಾರೂ ಬೇರೆ ಆಗ್ತಾ ಇಲ್ಲೆ. ಗೂಡಿನಲ್ಲಿ ಗಿನಿ ಇದ್ದು, ನೋಡು.”

ಅತ್ತೆ ಗೂಡಿಗೆ ಬಗ್ಗಿದಳು. ಒಂದು ಮೂಲೆಯಲ್ಲಿ ಸುಕ್ರುಂಡೆ, ಇನ್ನೊಂದರಲ್ಲಿ ಅತ್ರಾಸ ಬೆನ್ನು ತಿರುಗಿಸಿ ಕೂತಿದ್ದವು. “ಈ ಇಲಿಗೆ ಬಡಗಿ ಕರೆಸ್ತ ಯಾರಾದ್ರೂ?” ಎಂದು ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು. ಹಂಡೆ ಚೀಲದೊಳಗೆ ಹಿಡಿಯಲಿಲ್ಲ, ಚೀಲವನ್ನು ಹಂಡೆಯೊಳಗೆ ಹಾಕಿಕೊಂಡು ಹೋದಳು.

ಇವರೆಲ್ಲ ಹೊರಗಿನವರು. ಊರ ಬಾಯಿಗೆ ಬೀಗ ಹಾಕುವವರಾರು ಎಂದು ನಾನು ಸುಧಾರಿಸಿಕೊಳ್ಳುತ್ತಿದ್ದೆ. ಆದರೆ ಚಪ್ಪಲಿ ಹುಡುಕಲು ಬಗ್ಗಿದಾಗ ಅನಂತುವಿನ ಮಂಚದಡಿ ಒಂದು ಹೊಸ ಪೆಟ್ಟಿಗೆ ಕಂಡಿತು. ಪೆಟ್ಟಿಗೆಯ ಮೇಲೆ ಗ್ಯಾಸ್ ಒಲೆಯ ಚಿತ್ರ ಇತ್ತು. ಮಂಚದಡಿ ಧೂಳು ಕೂಡ ಇರಲಿಲ್ಲ, ಗುಡಿಸಿದ್ದರು.

ನಾನು ಅಡುಗೆಮನೆಗೆ ನುಗ್ಗಿದೆ. ವಸುಮತಿ ಮತ್ತು ನಾಗಶ್ರೀ ನೆಲದ ಮೇಲೆ ಎದುರುಬದುರು ಕೂತು ತೊಗರಿಬೇಳೆಯನ್ನು ಎರಡು ಡಬ್ಬಿಗೆ ತುಂಬುತ್ತ ನಗುತ್ತಿದ್ದರು. ಆ ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾತ್ರೆಗಳು ಸದ್ದಿಲ್ಲದೆ ಕೂತಿದ್ದವು.

“ದೊಡ್ಡ ಕುಕ್ಕರ್ ನಾಗಶ್ರೀಗೇ ಕೊಡ್ತಿ,” ಎಂದಳು ವಸುಮತಿ. “ಮಸಾಲೆ ಡಬ್ಬಿ ಒಂದು ಹೊಸಾದು ತಂದುಕೊಡವು. ನಿಂಗೊಗೆ ಇಷ್ಟು ಬುದ್ಧಿ ಇದ್ದು ಹೇಳಿ ನಂಗೆ ಗೊತ್ತಿತ್ತಿಲ್ಲೆ.”

ನಾಗಶ್ರೀ ಎದ್ದು ನಿಂತು, “ಭಾವ, ಉಗ್ರಾಣದ ಕೋಣೆ ಸಾಕು ನಂಗೆ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕೂಕೆ ಒಂದು ಒಲೆ ಇದ್ರೆ ಆತು,” ಎಂದಳು. ಅವಳಿಗೆ ಬೆಳ್ಳುಳ್ಳಿ ಇಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ. ವಸುಮತಿಗೆ ಅದರ ವಾಸನೆ ಆಗುವುದಿಲ್ಲ.

“ಅದು ಗಿನಿಗೆ,” ಎಂದೆ. ಇಬ್ಬರೂ ಮತ್ತೆ ನಕ್ಕರು.

ಸಂಜೆ ಕದ್ರಾ ಬಸ್ಸಿನಿಂದ ಇಳಿದ ಅನಂತುವನ್ನು ಗೇಟಿನಲ್ಲೇ ಹಿಡಿದು ಬೈಯಬೇಕೆಂದು ಕಾದು ನಿಂತಿದ್ದೆ. ನಾನು ಬಾಯಿ ತೆಗೆಯುವ ಮೊದಲೇ ಅವನು ನನ್ನ ಕೈ ಹಿಡಿದ.

“ಅಣ್ಣಾ, ನಿಂಗೆ ಹೇಂಗೆ ಹೇಳವು ಹೇಳಿ ತಿಳೀತಿತ್ತಿಲ್ಲೆ. ಎಷ್ಟೋ ಸಲ ಬಾಯಿವರೆಗೆ ಬಂದು ನುಂಗಿದ್ದಿ. ನೀನು ಎಲ್ಲರ ಹತ್ರ ನಮ್ಮನೆ ಒಂದೇ ಒಲೆ ಹೇಳ್ತಾ ಇರ್ತೆ. ಅದನ್ನ ಕೇಳಿ ಕೇಳಿ ನಂಗೆ ಹೆದರಿಕೆ. ನೀನೇ ದಾರಿ ಮಾಡ್ದೆ. ಅದೂ ಯಾರ ಮನಸ್ಸಿಗೂ ತಾಗದ ಹಂಗೆ, ಗಿನಿ ಹೆಸರಲ್ಲಿ.”

“ಅದು ಗಿನಿಗೇ ಮಾರಾಯ.”

“ಗೊತ್ತಿದ್ದು ಅಣ್ಣಾ. ಗಿನಿಗೇ,” ಎಂದವನ ಕಣ್ಣಲ್ಲಿ ನೀರಿತ್ತು. ನನಗೆ ಬಹಳ ಸಂಕಟವಾಯಿತು. ಎತ್ತಿಕೊಂಡು ಆಡಿಸಿದ ತಮ್ಮ, ನನಗೇ ಹೆದರಿಕೊಂಡು ಇಷ್ಟು ದಿನ ಉಂಡಿದ್ದನಂತೆ. ಬೈಯುವುದು ಬಿಟ್ಟು ಅವನಿಗೆ ಗೇಟು ತೆಗೆದುಕೊಟ್ಟೆ.

ಆದರೂ ಶಾಲು ಕಣ್ಣ ಮುಂದಿತ್ತು. ಭಾನುವಾರ ಜಟ್ಟ ಗೂಡಿಗೆ ಅಂಗೈಯಗಲದ ಜಾಲರಿ ಹಾಕಿಹೋದರೆ ಊರಿಗೆ ಸತ್ಯ ತಿಳಿಯುತ್ತದೆ, ರವಿಕಿರಣರು ಒಂದೇ ಒಲೆ ನೋಡುತ್ತಾರೆ, ಸನ್ಮಾನ ನಡೆಯುತ್ತದೆ, ಮಂಚದಡಿಯ ಪೆಟ್ಟಿಗೆಯನ್ನು ಅಂಗಡಿಗೆ ವಾಪಸು ಕೊಡಬಹುದು. ಹೀಗೆಂದು ಲೆಕ್ಕ ಹಾಕಿ ಜುಬ್ಬಾಕ್ಕೆ ಇಸ್ತ್ರಿ ಮಾಡಿಸಿಟ್ಟೆ.

ಭಾನುವಾರ ರವಿಕಿರಣರು ಇಬ್ಬರು ಸದಸ್ಯರೊಂದಿಗೆ ಬಂದರು. ಅಡುಗೆಮನೆಗೆ ಹೋಗಿ ಒಲೆ ನೋಡಿದರು, ಸಿಲಿಂಡರ್ ತಟ್ಟಿ ನೋಡಿದರು. “ಊರಲ್ಲಿ ಏನೇನೋ ಸುದ್ದಿ ಇತ್ತು. ಇಲ್ಲಿ ಎಲ್ಲ ಸರಿ ಇದೆಯಲ್ಲ,” ಎಂದು ಹಜಾರಕ್ಕೆ ಬಂದು ಕೂತರು. ವಸುಮತಿ ಅವಲಕ್ಕಿ ತಂದಳು. ಅಷ್ಟರಲ್ಲಿ ಗೇಟಿನಲ್ಲಿ ಟೆಂಪೋ ನಿಂತಿತು.

ಜಟ್ಟ ಮತ್ತು ಇನ್ನಿಬ್ಬರು ಆಳುಗಳು ಒಂದು ಚೌಕಟ್ಟನ್ನು ಹೊತ್ತು ಒಳಗೆ ತಂದರು. ಬಾಗಿಲಲ್ಲಿ ನೇರ ಹಿಡಿಯಲಿಲ್ಲ, ವಾಲಿಸಿ ತಂದರು. ನೆಟ್ಟಗೆ ನಿಲ್ಲಿಸಿದಾಗ ಅದು ಹಂಚಿನ ಅಡ್ಡತೊಲೆಗೆ ತಾಗಿತು. ಸೊಂಟದವರೆಗೆ ಹಲಗೆ, ಅದರ ಮೇಲೆ ಮುಖದ ಮಟ್ಟದಲ್ಲಿ ಈ ತುದಿಯಿಂದ ಆ ತುದಿಗೆ ತಂತಿಯ ಜಾಲರಿ. ಜಟ್ಟ ಹಿಂದೆ ಸರಿದು ನಿಂತು ತನ್ನ ಕೆಲಸವನ್ನು ನೋಡಿಕೊಂಡ.

“ಹಲ್ಲು ತಾಗೂಕೆ ಸಾಧ್ಯವೇ ಇಲ್ಲ ಹೆಗಡೇರೆ. ಮುಖ ಮಾತ್ರ ಚಲೋ ಕಾಣ್ತದೆ. ನೋಡಿ ಬೇಕಾದ್ರೆ.”

ಆಚೆ ಬದಿಯಲ್ಲಿ ಸಿಕ್ಕಿಕೊಂಡಿದ್ದ ರವಿಕಿರಣರ ಮುಖ ನಿಜವಾಗಿಯೂ ಚಲೋ ಕಾಣುತ್ತಿತ್ತು. ಅವರು ಅವಲಕ್ಕಿ ಜಗಿಯುವುದನ್ನು ನಿಲ್ಲಿಸಿದ್ದರು.

“ಇದೆಂತದು ಹೆಗಡೇರೆ?”

“ಗಿನಿಗೆ,” ಎಂದ ಜಟ್ಟ, ನನ್ನ ಪರವಾಗಿ.

ರವಿಕಿರಣರು ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. “ಎಷ್ಟು ದೊಡ್ಡ ಗಿನಿ?”

ಶ್ರೀರಕ್ಷಾ ಒಂದು ಕಂಕುಳಲ್ಲಿ ಸುಕ್ರುಂಡೆ, ಇನ್ನೊಂದು ಕಂಕುಳಲ್ಲಿ ಅತ್ರಾಸನನ್ನು ಹಿಡಿದು ನಿಂತಿದ್ದಳು. ಅಷ್ಟು ದೂರದಿಂದಲೂ ಅವು ಹಲ್ಲು ಕಡಿಯುತ್ತಿದ್ದವು. ಅನಂತು ಬೆರಳಿನ ಬಟ್ಟೆ ಬಿಚ್ಚುತ್ತ ಕಟ್ಟುತ್ತ ಇದ್ದ. ನಾಗಶ್ರೀ ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು, ಅದನ್ನು ಯಾರೋ ಎತ್ತಿಕೊಂಡು ಹೋಗುತ್ತಾರೇನೋ ಎನ್ನುವಂತೆ ನಿಂತಿದ್ದಳು. ವಸುಮತಿ ನನ್ನನ್ನೇ ನೋಡುತ್ತಿದ್ದಳು.

ಬಡಗಿಯ ತಪ್ಪು, ಇದು ಗೂಡಿಗೆ ಹೇಳಿದ್ದು, ಎಂದುಬಿಟ್ಟರೆ ಸಾಕಿತ್ತು. ಅದೆಲ್ಲ ಅಪ್ಪಟ ಸತ್ಯ. ವಾರವಿಡೀ ಅದನ್ನೇ ಹೇಳಿದ್ದೆ, ಒಬ್ಬರೂ ನಂಬಿರಲಿಲ್ಲ. ಈಗ ಹೇಳಿದರೆ ಖಂಡಿತ ನಂಬುತ್ತಿದ್ದರು.

“ಒಲೆ ಎರಡು,” ಎಂದೆ. “ಇನ್ನೊಂದು ಮಂಚದಡಿ ಇದೆ. ಇವತ್ತು ಹೊತ್ತಿಸ್ತೇವೆ.”

ಅನಂತು ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ರವಿಕಿರಣರು ಬಹಳ ಬೇಜಾರಿನಿಂದ ಇನ್ನೊಂದು ತಟ್ಟೆ ಅವಲಕ್ಕಿ ತಿಂದು, ಜಾಲರಿಯ ಬದಿಯಿಂದ ನುಸುಳಿ ಹೋದರು. ಹೋಗುವಾಗ, “ಮಂಚದಡಿಯೇ ಸಿಗ್ತದೆ, ಯಾವಾಗ್ಲೂ,” ಎಂದು ಸದಸ್ಯರಿಗೆ ಹೇಳುವುದು ಕೇಳಿಸಿತು.

ಶಾಲು ಸದಾಶಿವಗಡದ ಒಂದು ಮನೆಗೆ ಹೋಯಿತು. ಶಾಲು ಒಂದೇ, ಅಲ್ಲಿ ಅಣ್ಣತಮ್ಮಂದಿರು ಮೂವರು. ಅದನ್ನು ಯಾರ ಕಪಾಟಿನಲ್ಲಿ ಇಡುವುದೆಂದು ಅವರಲ್ಲಿ ಮಾತು ಬೆಳೆದು, ಈಗ ಜಟ್ಟ ಅಲ್ಲಿ ಅಳತೆ ತೆಗೆಯುತ್ತಿದ್ದಾನಂತೆ.

ನಮ್ಮ ಹಜಾರದ ಜಾಲರಿ ನಿಂತಿತು. ಪಕ್ಕದ ಬಾಗಿಲು ಅನಂತುವಿಗೆ, ಎದುರಿನ ಬಾಗಿಲು ನಮಗೆ. ಉಳಿದ ತಂತಿಯ ತುಂಡನ್ನು ಮಗಳು ಗಿನಿಗಳ ಗೂಡಿಗೆ ತಾನೇ ಕಟ್ಟಿಕೊಂಡಳು. ಎರಡು ತಟ್ಟೆ, ಎರಡು ಪೆಟ್ಟಿಗೆ. ಮೊದಲ ದಿನ ಅವು ಜಾಲರಿಗೆ ಹಲ್ಲು ತೋರಿಸಿದವು. ಆಮೇಲೆ ಸುಸ್ತಾಗಿ ಇದು ಈ ಬದಿ, ಅದು ಆ ಬದಿ, ತಂತಿಗೆ ಒತ್ತಿಕೊಂಡು ಮಲಗಿದವು. ಬದಿಯಿಂದ ನೋಡಿದರೆ ಒಂದೇ ಪ್ರಾಣಿಯ ಹಾಗೆ ಕಾಣುತ್ತಿದ್ದವು. ನಾನು ಮಾತ್ರ ಕೂರಲಾರದೆ ಅರ್ಧ ಹಜಾರದಲ್ಲೇ ಆ ಗೋಡೆಯಿಂದ ಈ ಜಾಲರಿಗೆ ತಿರುಗುತ್ತಿದ್ದೆ. ಆಚೆ ಪೇಪರು ಓದುತ್ತಿದ್ದ ಅನಂತು, “ಅಣ್ಣಾ, ನಿನ್ನ ಬದಿಗೆ ಕರೆಂಟ್ ಇದ್ದ?” ಎಂದು ಕೇಳುತ್ತಿದ್ದ. ಇದ್ದು, ಎನ್ನುತ್ತಿದ್ದೆ. ಮನೆಯ ಮೀಟರು ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ಒಂದು ಸಂಜೆ ಜಾಲರಿಯಾಚೆಯಿಂದ ಬೆಲ್ಲ, ತುಪ್ಪದ ವಾಸನೆ ಬಂತು. ನಾಗಶ್ರೀ ತನ್ನ ಒಲೆಯ ಮೇಲೆ ಮೊದಲ ಸಲ ಅತ್ರಾಸ ಮಾಡಿದ್ದಳು. ತಟ್ಟೆ ಹಿಡಿದುಕೊಂಡು ಜಾಲರಿಯ ಹತ್ತಿರ ಬಂದು, “ಅಕ್ಕಾ, ರುಚಿ ನೋಡು,” ಎಂದಳು. ಜಾಲರಿಯ ಕಣ್ಣಿನಲ್ಲಿ ಅತ್ರಾಸ ದಾಟಲಿಲ್ಲ. ಜಟ್ಟ ಅಷ್ಟು ಬಂದೋಬಸ್ತು ಮಾಡಿದ್ದ.

ಸ್ವಲ್ಪ ಹೊತ್ತಿಗೆ ನಮ್ಮ ಎದುರು ಬಾಗಿಲ ಗಂಟೆ ಸದ್ದಾಯಿತು. ಗಂಡಹೆಂಡತಿ ರಸ್ತೆಗಿಳಿದು, ಕಂಪೌಂಡು ಸುತ್ತಿ ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದರು. ನಾಗಶ್ರೀ ಒಳ್ಳೆಯ ಸೀರೆ ಉಟ್ಟಿದ್ದಳು.

ವಸುಮತಿ ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದಳು. “ಬಾರೆ, ಒಳಗೆ ಬಾ, ಕೂತ್ಕ. ಆಸರಿಗೆ ಎಂತ ಬೇಕು?” ಎಂದಳು. ಕುಡಿಯಲು ಏನು ಬೇಕೆಂದು ಹೀಗೆ ಕೇಳುವುದು ನಮ್ಮಲ್ಲಿ ಹೊರಗಿನಿಂದ ಬಂದವರಿಗೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ನಾಗಶ್ರೀಗೆ ಒಮ್ಮೆಯೂ ಕೇಳಿರಲಿಲ್ಲ.

ನಾನು ಒಳಗೆ ಹೋಗಿ ಇಸ್ತ್ರಿ ಮಾಡಿಟ್ಟ ರೇಷ್ಮೆ ಜುಬ್ಬಾ ಹಾಕಿಕೊಂಡು ಬಂದೆ. ಮನೆಗೆ ನೆಂಟರು ಬಂದಿದ್ದರು.